ದೋಣಿಯವನು ಎರಡನೇ ಸಲ ಕೇಳಲಿಲ್ಲ

ನನಗೆ ಜಪಾನಿ ಭಾಷೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಇನ್ನು ಮುಂದೆ ಜಪಾನಿನ ಒಂದು ಹಳ್ಳಿಯ ಬಗ್ಗೆ ನಾನು ಅಲ್ಲಿಯೇ ಹುಟ್ಟಿ ಬೆಳೆದವಳ ಹಾಗೆ ಮಾತಾಡಲಿದ್ದೇನೆ. ಆ ಊರಿನ ಬಾವಿ ಎಲ್ಲಿದೆ, ಯಾರ ಹಿತ್ತಲಲ್ಲಿ ಕೋಳಿಗಳಿವೆ, ಯಾವ ಅಂಗಡಿಯವನು ಸದಾ ಮುಖ ಗಂಟು ಹಾಕಿಕೊಂಡಿರುತ್ತಾನೆ, ಎಲ್ಲ ನನಗೆ ಗೊತ್ತು. ಊರಿನ ಹೆಸರು ಮಾತ್ರ ಗೊತ್ತಿಲ್ಲ. ಬರೆದಿದ್ದಾರೆ, ಅಗಸೆ ಬಾಗಿಲಲ್ಲಿ ದೊಡ್ಡದಾಗಿಯೇ ಬರೆದಿದ್ದಾರೆ. ಓದಲು ಬರಬೇಕಲ್ಲ!

ಹೊಟ್ಟೆಪಾಡಿಗೆ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಪ್ರಪಂಚದ ನದಿಗಳನ್ನೆಲ್ಲ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಹರಿಸುವ ನಾನು, ಆ ಹೆಸರಿಲ್ಲದ ಊರಿನ ಪಕ್ಕದ ಒಂದು ಯಃಕಶ್ಚಿತ್ ಹೊಳೆಯನ್ನು ದಾಟಲಾಗದೆ ಹೈಸ್ಕೂಲಿನ ದಿನಗಳಿಂದ ದಂಡೆಯ ಮೇಲೆಯೇ ನಿಂತಿದ್ದೆ. ಹೋದ ತಿಂಗಳು ಗೆಳತಿ ನಸ್ರೀನ್ ಫೋನ್ ಮಾಡಿರದಿದ್ದರೆ ಇನ್ನೂ ಅಲ್ಲೇ ನಿಂತಿರುತ್ತಿದ್ದೆನೋ ಏನೋ.

"ಸುಧಾ, ಬಾಬು ಸಿಕ್ಕಾನ!" ಎಂದಳು. ನಮಸ್ಕಾರವಿಲ್ಲ, ಹೇಗಿದ್ದೀ ಇಲ್ಲ.

"ಎಲ್ಲಿ ಸಿಕ್ಕ?"

"ಅಟ್ಟದ ಮ್ಯಾಲ. ಸುಣ್ಣಾ ಹೊಡಸಾಕತ್ತೀವಿ. ಹಿತ್ತಾಳಿ ಹಂಡೆದಾಗ ಕುಂತಿದ್ದ, ಮಶೀನು, ಕ್ಯಾಸೆಟ್ಟು, ಎಲ್ಲಾ ಕೂಡಿ. ಅಮ್ಮಿ ನಿನ್ನ ಕರ್ಕೊಂಬಾ ಅಂತ ಕುಂತಾರ. ಅವ್ರ ಎಡಗಣ್ಣು ಪೂರಾ ಮಸಕ ಆಗ್ಯದ. ಇನ್ನೊಂದು ಕಣ್ಣು ಇರೋದ್ರಾಗ ಆ ದಂಡಿ ನೋಡ್ಬೇಕಂತ."

ಈ ಬಾಬು ಯಾರು, ಆ ದಂಡಿ ಯಾವುದು ಎಂದು ನಿಮಗೆ ಹೇಳದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ಹೇಳುತ್ತೇನೆ.

ಕಲಬುರಗಿಯ ಕಿಲ್ಲೆಯ ಹತ್ತಿರದ ಓಣಿಯಲ್ಲಿ ನಮ್ಮ ಮನೆಗೂ ನಸ್ರೀನ್ ಮನೆಗೂ ಒಂದೇ ಗೋಡೆ. ಗೋಡೆಯ ಈ ಕಡೆ ನಮ್ಮ ಆಯಿ ಮರಾಠಿಯಲ್ಲಿ ಸ್ತೋತ್ರ ಹೇಳಿ ಕನ್ನಡದಲ್ಲಿ ನನ್ನನ್ನು ಬೈಯುತ್ತಿದ್ದರೆ, ಆ ಕಡೆ ನಸ್ರೀನಳ ತಾಯಿ ಅದೇ ಹೊತ್ತಿಗೆ ದಖನಿಯಲ್ಲಿ ಮಗಳನ್ನು ಬೈಯುತ್ತಿದ್ದರು. ಬೈಗುಳದ ವಿಷಯ ಸಾಮಾನ್ಯವಾಗಿ ಒಂದೇ ಆಗಿರುತ್ತಿತ್ತು. ನಸ್ರೀನಳ ತಾಯಿಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ, ಈಗಲೂ ಹಾಗೆಯೇ. ಅವಳ ತಂದೆ ನಂದೂರಿನ ಬ್ಯಾಳಿ ಮಿಲ್ಲಿನಲ್ಲಿದ್ದರು. ಸಂಜೆ ಬಂದು ಅಂಗಿ ಝಾಡಿಸಿದರೆ ಅಂಗಳದಲ್ಲೆಲ್ಲ ತೊಗರಿಯ ಹಳದಿ ಧೂಳು ಹಾರುತ್ತಿತ್ತು.

ಖಾಲಾಳ ತಮ್ಮ ದೂರದ ಬಂದರಿನಲ್ಲಿ ಕೆಲಸಕ್ಕಿದ್ದ. ಒಂದು ರಂಜಾನಿಗೆ ಊರಿಗೆ ಬಂದಾಗ ಎಲ್ಲರ ಹಾಗೆ ಅತ್ತರು, ಕಂಬಳಿ, ಖರ್ಜೂರ ತಂದ. ಜೊತೆಗೆ ಇನ್ನೊಂದು ಬೂದುಬಣ್ಣದ ಡಬ್ಬಿ. ಜಪಾನಿನ ಟಿವಿ ಗೇಮು, ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದಂತೆ. ಅದರೊಂದಿಗೆ ಇದ್ದದ್ದು ಒಂದೇ ಕ್ಯಾಸೆಟ್ಟು. ಓಣಿಯ ಉಳಿದ ಮನೆಗಳಲ್ಲಿ ಹಾರುವ, ಗುಂಡು ಹೊಡೆಯುವ ಆಟಗಳಿದ್ದವು. ಅವುಗಳಿಗೆ ಭಾಷೆ ಬೇಕಿರಲಿಲ್ಲ. ನಮ್ಮ ಪಾಲಿಗೆ ಬಂದದ್ದು ಮಾತೇ ಮಾತಿನ ಆಟ. ಒಬ್ಬ ಪುಟ್ಟ ಹುಡುಗ ಊರೊಳಗೆ ಅಡ್ಡಾಡುತ್ತಾನೆ, ಎದುರಿಗೆ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ, ಅವರು ಡಬ್ಬಿಗಟ್ಟಲೆ ಉತ್ತರ ಕೊಡುತ್ತಾರೆ. ಒಂದಕ್ಷರ ತಿಳಿಯದು.

ಮೊದಮೊದಲು ಚಿತ್ರವೂ ಬರಲಿಲ್ಲ. ಅಲ್ಲಿಯ ಕರೆಂಟು ಬೇರೆ, ಇಲ್ಲಿಯ ಕರೆಂಟು ಬೇರೆ ಎಂದು ಟಿವಿ ರಿಪೇರಿಯವರು ಕರೆಂಟು ಇಳಿಸುವ ಒಂದು ತೂಕದ ಪೆಟ್ಟಿಗೆ ಮಾಡಿಕೊಟ್ಟರು. ಅದು ದುಂಬಿಯ ಹಾಗೆ ಗುಂಯ್ ಎನ್ನುತ್ತಿತ್ತು. ಚಿತ್ರ ಬಂತು. ಬಣ್ಣ ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಕಪ್ಪು-ಬಿಳುಪಿನ ಊರು, ಕಪ್ಪು-ಬಿಳುಪಿನ ಹೊಳೆ. ಆಟ ಶುರುವಾಗುವ ಮೊದಲು ಹುಡುಗನಿಗೆ ಹೆಸರಿಡಬೇಕೆಂದು ಅಕ್ಷರಗಳ ಸಂತೆಯೇ ತೆರೆದುಕೊಂಡಿತು. ನಾನು ಜಿಲೇಬಿಯಂಥದ್ದೊಂದು ಆರಿಸಿದೆ, ನಸ್ರೀನ್ ಕುಡುಗೋಲಿನಂಥದ್ದೊಂದು ಆರಿಸಿದಳು. ಆ ಹೆಸರನ್ನು ಜಪಾನಿನಲ್ಲಿ ಏನೆಂದು ಓದುತ್ತಾರೋ ದೇವರಿಗೇ ಗೊತ್ತು. ಹಿಂದೆ ಕೂತು ಎಲೆಯಡಿಕೆ ಮಡಚುತ್ತಿದ್ದ ಖಾಲಾ "ಬಾಬು ಅನ್ರಿ, ಸಾಕು" ಎಂದರು. ಬಾಬು ಆದ.

ಅಲ್ಲಿಂದ ಆಟದ ಯಜಮಾನಿಕೆ ಖಾಲಾಳ ಕೈಗೆ ಹೋಯಿತು. ಗುಂಡಿ ಒತ್ತುವವರು ನಾವು, ಮಾತು ಅವರದು. ತೆರೆಯ ಮೇಲೆ ಅಕ್ಷರ ಮೂಡಿದ್ದೇ ತಡ, ಅವರು ಅರ್ಥ ಹೇಳಿಬಿಡುತ್ತಿದ್ದರು. ಬಾವಿಯ ಹತ್ತಿರದ ಮುದುಕಿ ಬಾಯಿಬಿಟ್ಟರೆ, "ಊಟ ಆತೇನೋ ಬಾಬು ಅನ್ನಾಕತ್ತಾಳ." ಅಂಗಡಿಯವನು ಮಾತಾಡಿದರೆ, "ಮೊನ್ನಿನ ಉದ್ದರಿ ಮೊದ್ಲ ಕೊಡು ಅಂತಾನ, ಮಾರಿ ನೋಡಲ್ಲಾ ಅವಂದು!" ಕೋಳಿ ಕೂಗಿದರೂ ಖಾಲಾ ಅದಕ್ಕೊಂದು ತಾತ್ಪರ್ಯ ಕೊಡುತ್ತಿದ್ದರು. ನಾವು ಅದನ್ನೆಲ್ಲ ನಂಬಿದ್ದೆವೋ ಇಲ್ಲವೋ ಹೇಳಲಾರೆ. ಕತೆ ಮಾತ್ರ ಭರ್ತಿ ರಂಗೇರುತ್ತಿತ್ತು.

ಈಗ ನಡುವೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು "ಬ್ಯಾಡ್ರಿ" ಎನ್ನಬೇಕು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಎನ್ನಬೇಕು. ಅವರು ಬಿಡಬಾರದು, "ಅಯ್ಯ, ಹಂಗಂದ್ರ ಹ್ಯಾಂಗ್ರಿ" ಎನ್ನಬೇಕು. ನೀವು ಮತ್ತೆ "ಈಗಷ್ಟೇ ಆಗ್ಯದ್ರಿ" ಎನ್ನಬೇಕು. ಅವರು ತಟ್ಟೆಯನ್ನು ಕೈಗೇ ತುರುಕಬೇಕು. ಆಗ, ನಿಮ್ಮ ಒತ್ತಾಯಕ್ಕೆ ಸೋತೆ ಎಂಬ ಮುಖ ಮಾಡಿ ತಿನ್ನಬೇಕು. ಗೋಡೆಯ ಈ ಕಡೆ ಇದು "ಬ್ಯಾಡ್ರಿ", ಆ ಕಡೆ "ನಕ್ಕೋ ಜೀ". ಶಾಸ್ತ್ರ ಒಂದೇ. ನಮ್ಮ ಕಾಕಾ ಒಬ್ಬರು ದೂರದೂರಿನ ಬೀಗರ ಮನೆಗೆ ಹೋಗಿದ್ದಾಗ ಊಟಕ್ಕೆ ಏಳಿ ಎಂದರಂತೆ, ಇವರು ಪದ್ಧತಿಯಂತೆ "ಬ್ಯಾಡ್ರಿ, ಹೊಟ್ಟಿ ತುಂಬ್ಯದ" ಎಂದರಂತೆ. ಆ ಪುಣ್ಯಾತ್ಮರು "ಹೌದಾ, ಸರಿ" ಎಂದು ತಾವು ಉಂಡು ಕೈತೊಳೆದರಂತೆ! ಕಾಕಾ ಸಾಯುವ ತನಕ ಆ ಊರಿನ ಹೆಸರೆತ್ತಿದರೆ ನೀರು ಕುಡಿಯುತ್ತಿದ್ದರು.

ಆಟದಲ್ಲೂ ಜನ ಕೊಡಲು ಬರುತ್ತಿದ್ದರು. ಕೊಡುವ ಮುಂಚೆ ಕೇಳುತ್ತಿದ್ದರು. ತೆರೆಯ ಮೇಲೆ ಎರಡು ಸಾಲು ಮೂಡುತ್ತಿದ್ದವು, ಪಕ್ಕದಲ್ಲಿ ಒಂದು ಪುಟ್ಟ ಕೈ ಬೆರಳು ಚಾಚಿಕೊಂಡಿರುತ್ತಿತ್ತು. ಒತ್ತಿ ಒತ್ತಿ ನೋಡಿ ಮೇಲಿನದು ಹೌದು, ಕೆಳಗಿನದು ಬೇಡ ಎಂದು ಪತ್ತೆ ಮಾಡಿದೆವು. ಬಾವಿಯ ಮುದುಕಿ ಮೊದಲ ಸಲ ಏನೋ ಗಂಟು ಕೊಡಲು ಬಂದಾಗ ನಸ್ರೀನ್ ಮೇಲಿನದನ್ನು ಒತ್ತಲು ಹೋದಳು. ಖಾಲಾ ತಡೆದರು.

"ಅರೇ, ಒಮ್ಮೆಲೆ ಹೌ ಅಂತಾರಾ? ಮನ್ಯಾಗ ತಿನ್ಲಾಕ ಇಲ್ಲ ಅಂತ ತಿಳ್ಕೊತಾರ ಮಂದಿ. ಮೊದ್ಲ ನಕ್ಕೋ ಅನ್ನು."

ಬೇಡ ಎಂದೆವು. ನಂಬಿದರೆ ನಂಬಿ, ಮುದುಕಿ ಮತ್ತೆ ಕೇಳಿದಳು! ಮತ್ತೆ ಬೇಡ ಎಂದೆವು. ಮತ್ತೂ ಕೇಳಿದಳು. ಮೂರನೆಯದಕ್ಕೆ ಹೌದು ಎಂದಾಗ ಇಷ್ಟುದ್ದದ ಸಂಗೀತದೊಂದಿಗೆ ಗಂಟು ಬಾಬುವಿನ ಜೋಳಿಗೆಗೆ ಬಿತ್ತು. ಖಾಲಾಳ ಮುಖ ಹಿಗ್ಗಿ ಹೀರೇಕಾಯಿಯಾಯಿತು. "ಖಾಂದಾನಿ ಮಂದಿ ಬೇಟಿ. ನಮ್ಮಂಗ ಅದಾರ" ಎಂದರು. ಊರ ಗೌಡನೂ ಹಾಗೆಯೇ, ಕತ್ತಿ ಕೊಡುವಾಗ ಒತ್ತಾಯ ಮಾಡಿ ಮಾಡಿ ಕೊಟ್ಟ. ಆಗ ಜಪಾನಿನ ಬಗ್ಗೆ ನಮಗೆ ಹುಟ್ಟಿದ ಗೌರವ ಮುಂದೆ ನಾನು ಪಾಠ ಮಾಡುವಾಗಲೂ ಇಳಿದಿಲ್ಲ.

ಹೀಗೆ ಮರ್ಯಾದೆಯಿಂದ ಆಡುತ್ತ ಆಡುತ್ತ ಒಂದು ಭಾನುವಾರ ಮಧ್ಯಾಹ್ನ ಹೊಳೆದಂಡೆಗೆ ಬಂದೆವು. ದೋಣಿ ಇತ್ತು, ದೋಣಿಯವನಿದ್ದ. ಆಟದಲ್ಲಿ ಯಾರೂ ಆಡದಷ್ಟು ಉದ್ದ ಮಾತಾಡಿದ. ಎರಡು ಸಾಲು ಮೂಡಿದವು.

"ಎಷ್ಟು ಅದಬಿನಿಂದ, ಮರ್ಯಾದಿಲೆ ಕರ್ಯಾಕತ್ತಾನ ನೋಡು ಪಾಪ. ನಕ್ಕೋ ಅನ್ನು" ಎಂದರು ಖಾಲಾ.

ಕೆಳಗಿನದನ್ನು ಒತ್ತಿದೆ. ನಾನೇ ಒತ್ತಿದ್ದು. ದೋಣಿಯವನು ಸುಮ್ಮನೆ ತಿರುಗಿದ, ದೋಣಿ ಹತ್ತಿದ, ತೆರೆಯ ಆಚೆ ಹೋಗಿಬಿಟ್ಟ. ನಾವು ಮೂವರೂ ಕಾದೆವು. ಒತ್ತಾಯ ಮಾಡಲು ಬರುತ್ತಾನೆ ಎಂದು ಚಹಾ ಕುಡಿದು ಮುಗಿಸುವ ತನಕ ಕಾದೆವು. "ಸಿಟ್ಟಿಗೆದ್ದಾನ. ನಾಳಿ ಬರ್ತಾನ, ಬಾಬೂನ್ನ ಮಲಗಸ್ರಿ" ಎಂದರು ಖಾಲಾ. ಊರಿನ ಛತ್ರದಲ್ಲಿ ಬಾಬುವನ್ನು ಮಲಗಿಸಿದೆವು. ಅಲ್ಲಿ ಮಲಗಿಸಿದರೆ ಆಟ ಅಲ್ಲಿಯವರೆಗಿನದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ ಎಂಬುದಷ್ಟು ನಮಗೆ ತಿಳಿದಿತ್ತು. ಅದು ನೆನಪಿಟ್ಟುಕೊಂಡಿತು. ದೋಣಿ ಹೋದದ್ದನ್ನೂ ನೆನಪಿಟ್ಟುಕೊಂಡಿತು.

ಮರುದಿನ ದೋಣಿ ಇಲ್ಲ. ಆ ಬೇಸಿಗೆ ರಜೆ ಪೂರ್ತಿ ದೋಣಿ ಇಲ್ಲ. ನಾವು ದಿನಾ ಬಾಬುವನ್ನು ಎಬ್ಬಿಸಿ, ಬಾವಿಯ ಮುದುಕಿಯನ್ನು ಮಾತಾಡಿಸಿ, ದಂಡೆಗೆ ಹೋಗಿ ನಿಂತು ವಾಪಸು ಬರುತ್ತಿದ್ದೆವು. ಮೊದಲಿನಿಂದ ಶುರು ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆಟ ಹಚ್ಚಿದೊಡನೆ ಬರುತ್ತಿದ್ದ ಎರಡು ಸಾಲಿನಲ್ಲಿ ಮೇಲಿನದು ಅದಕ್ಕೇ ಇತ್ತು. ಆದರೆ ಹೊಸದು ಶುರು ಮಾಡಿದರೆ ಹಳೆಯ ಬಾಬು ಅಳಿಸಿಹೋಗುತ್ತಾನೆ. ನಾನೊಮ್ಮೆ ಸೂಚಿಸಿದೆ, ಖಾಲಾ ಎರಡೂ ಕಪಾಳ ಮುಟ್ಟಿಕೊಂಡು ತೌಬಾ ತೌಬಾ ಎಂದರು. "ಇಷ್ಟು ದಿನ ಸಾಕಿದ ಹುಡುಗನ್ನ ಅಳಿಸಿ ಇನ್ನೊಬ್ಬನ್ನ ತರೋದಾ? ನಿಂತ್ರ ನಿಲ್ಲಲಿ. ಅಂವ ಬಂದೇ ಬರ್ತಾನ." ಅವರಿಗೆ ಆ ಆಚೆ ದಂಡೆಯ ಹುಚ್ಚು ಹಿಡಿದದ್ದೂ ಆಗಲೇ. "ಆ ಕಡಿ ಏನದನೋ" ಎಂದು ಅಡುಗೆ ಮನೆಯಿಂದಲೂ ಕೇಳುತ್ತಿದ್ದರು.

ನಮ್ಮ ಕಾಲೇಜು ಮುಗಿಯಿತು, ಕೆಲಸಗಳು ಸಿಕ್ಕವು. ನಸ್ರೀನ್ ಕಮಲಾಪುರದಲ್ಲಿ ಶಾಲೆಯ ಟೀಚರಾದಳು, ಅಲ್ಲೇ ಮನೆ ಮಾಡಿ ತಾಯಿಯನ್ನೂ ಕರೆದುಕೊಂಡು ಹೋದಳು. ಕಲಬುರಗಿಯಿಂದ ಕಮಲಾಪುರವೇನು ಸಪ್ತಸಾಗರದಾಚೆ ಇಲ್ಲ, ಬಸ್ಸು ಹತ್ತಿ ಮಹಾಗಾಂವ ದಾಟಿ ಒಂದು ತೂಕಡಿಕೆ ತೆಗೆಯುವುದರಲ್ಲಿ ಬಂದೇ ಬಿಡುತ್ತದೆ. ಆಗಾಗ ಹೋಗುತ್ತೇನೆ. ಹೊರಡುವಾಗ ಒಂದು ಪೂಜೆ ನಡೆಯುತ್ತದೆ. ಖಾಲಾ "ಇವತ್ತ ಇದ್ದ್ ಹೋಗು" ಎನ್ನುತ್ತಾರೆ, ನಾನು "ಬ್ಯಾಡ್ರಿ ಖಾಲಾ, ಮುಂಜಾನಿ ಕ್ಲಾಸ್ ಅದ" ಎನ್ನುತ್ತೇನೆ. ಅವರು ಮತ್ತೆ ಅನ್ನುತ್ತಾರೆ, ನಾನು ಮತ್ತೆ ಅನ್ನುತ್ತೇನೆ. ಕಡೆಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ನನ್ನ ಚೀಲಕ್ಕೆ ಬೀಳುತ್ತದೆ, ನಾನು ಬಸ್ಸು ಹತ್ತುತ್ತೇನೆ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಉಳಿದಿಲ್ಲ. ಅವರು ಕೇಳುವುದು ಪದ್ಧತಿ, ನಾನು ಬೇಡ ಎನ್ನುವುದು ಪದ್ಧತಿ ಎಂದುಕೊಂಡಿದ್ದೆ.

ಇರಲಿ, ಹೋದ ತಿಂಗಳಿಗೆ ಬರೋಣ. ಫೋನ್ ಬಂದ ಭಾನುವಾರವೇ ಓಡಿದೆ. ಮನೆ ತುಂಬ ಹಸಿ ಸುಣ್ಣದ ವಾಸನೆ. ಖಾಲಾ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಹಾಕಿಸಿಕೊಂಡು ನೆಟ್ಟಗೆ ಕೂತಿದ್ದರು, ಮದುವೆಗೆ ಹೊರಟವರ ಹಾಗೆ ಹೊಸ ದುಪಟ್ಟಾ ಬೇರೆ. ಕ್ಯಾಸೆಟ್ಟು ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ನಸ್ರೀನ್ ಅದರ ಬಾಯಿಗೆ ಉಫ್ ಉಫ್ ಎಂದು ಊದಿ, ಬಿಸ್ಮಿಲ್ಲಾ ಹೇಳಿ ಸಿಕ್ಕಿಸಿದಳು. ಕರೆಂಟು ಇಳಿಸುವ ಪೆಟ್ಟಿಗೆ ಗುಂಯ್ ಎಂದಿತು.

ತೆರೆ ಬೆಳಗಿತು. ಬಣ್ಣ! ಹೊಸ ಟಿವಿಗೆ ಜಪಾನೂ ಒಂದೇ, ಜೇವರ್ಗಿಯೂ ಒಂದೇ, ಎಲ್ಲ ಬಣ್ಣವನ್ನೂ ತೋರಿಸಿಬಿಟ್ಟಿತು. ಮೇಲಿನ ಆಕಾಶ ನೀಲಿ, ಬೆಟ್ಟ ಹಸಿರು. ಖಾಲಾ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆದರೆ ಆಕಾಶದ ಕೆಳಗೆ ಎರಡು ಸಾಲು ಇರಬೇಕಾದಲ್ಲಿ ಒಂದೇ ಇತ್ತು. ಮೇಲಿನದು. ಮೊದಲಿನಿಂದ ಶುರು ಮಾಡುವುದು.

ನಸ್ರೀನ್ ಮಶೀನು ಆರಿಸಿ ಹಚ್ಚಿದಳು, ಮತ್ತೆ ಊದಿದಳು, ಮತ್ತೆ ಹಚ್ಚಿದಳು. ಒಂದೇ ಸಾಲು. ನೆನಪಿಟ್ಟುಕೊಳ್ಳಲು ಕ್ಯಾಸೆಟ್ಟಿನೊಳಗೆ ಗುಂಡಿಯಷ್ಟು ಬ್ಯಾಟರಿ ಇರುತ್ತದಂತೆ, ಅದು ಅಟ್ಟದ ಮೇಲೆಯೇ ಸತ್ತಿತ್ತು.

"ಬಾಬು ಹೋದ್ನಾ?" ಎಂದರು ಖಾಲಾ.

ನನಗೆ ನಿಜವಾಗಿಯೂ ಸಂಕಟವಾಯಿತು. ನನ್ನಷ್ಟು ವಯಸ್ಸಾದ ಹೆಂಗಸು ಟಿವಿ ಗೇಮಿನ ಹುಡುಗನಿಗಾಗಿ ಅಳುವುದು ಚೆಂದವಲ್ಲ ಎಂದು ಕಿಟಕಿಯ ಕಡೆ ನೋಡುತ್ತ ನಿಂತೆ. ಖಾಲಾ ಎಲೆಯಡಿಕೆಯ ಡಬ್ಬಿ ತೆಗೆದರು, ಮುಚ್ಚಿದರು. ಆಮೇಲೆ ಹೇಳಿದರು:

"ಎಷ್ಟಂತ ನಿಲ್ತಾನ ಬೇಟಿ ದಂಡಿ ಮ್ಯಾಲ? ಕಾಲು ನೊಂದಿರಬೇಕು. ತಾನೇ ನಡಕೋತ ಹೋಗ್ಯಾನ. ನಾವೇನು ಅಳಿಸಿಲ್ಲಲ್ಲ?"

"ಇಲ್ರಿ ಖಾಲಾ. ನಾವು ಅಳಿಸಿಲ್ರಿ."

"ಮತ್ತ? ಅವನ ತಮ್ಮನ್ನ ಕಳಸ್ರಿ. ಹಚ್ಚು."

ಜಿಲೇಬಿ, ಕುಡುಗೋಲು. ತಮ್ಮ ಬಾಬು ಹುಟ್ಟಿದ. ಅವನ ಅಂಗಿ ಕೆಂಪಗಿತ್ತು, ನಮ್ಮ ಕಮಲಾಪುರದ ಬಾಳೆಹಣ್ಣಿನ ಕೆಂಪು. ಬೂದಿ ಎಂದುಕೊಂಡಿದ್ದೆವು ನಾವು. ಮುದುಕಿಯ ಸೀರೆಯಂಥದ್ದು ನೇರಳೆ ಬಣ್ಣದ್ದು. "ನೋಡ್ರಿ, ಇಕಿ ಶೋಕಿನ!" ಎಂದು ಖಾಲಾ ನಕ್ಕರು. ದಾರಿಗಳೆಲ್ಲ ಕೈಗೇ ನೆನಪಿದ್ದವು. ತಲೆ ಮರೆತದ್ದನ್ನು ಹೆಬ್ಬೆರಳು ಮರೆತಿರಲಿಲ್ಲ.

ನನ್ನ ಕೈಯಲ್ಲಿ ಈಗ ಎಲ್ಲ ಭಾಷೆಯನ್ನೂ ಕನ್ನಡ ಮಾಡುವ ಫೋನಿದೆಯಲ್ಲ! ಪಂಡಿತಳ ಹಾಗೆ ಅದನ್ನು ಟಿವಿಗೆ ಹಿಡಿದೆ. ಬಾವಿಯ ಮುದುಕಿ ಅಷ್ಟು ಕಾಲದಿಂದ ಹೇಳುತ್ತಿದ್ದದ್ದು ಇಷ್ಟು: "ಉತ್ತರ ಕಾಡು ಅಪಾಯಕಾರಿ ಆಗಿದೆ." ಖಾಲಾ ನನ್ನನ್ನು ನೋಡಿದ ನೋಟಕ್ಕೆ ನಾನು ಸಣ್ಣವಳಾದೆ.

"ಊಟ ಆತೇನು ಅಂತ ಕೇಳಂಗಿಲ್ಲೇನು?"

"ಇಲ್ಲಂತ್ರಿ."

"ಆ ಫೋನ್ ಒಳಗ ಇಡು. ಅದಕ್ಕ ಮಂದಿ ಮಾತು ತಿಳ್ಯಂಗಿಲ್ಲ."

ಒಳಗಿಟ್ಟೆ. ಮುದುಕಿ ಮತ್ತೆ ಊಟ ಕೇಳತೊಡಗಿದಳು. ಮಧ್ಯಾಹ್ನದ ಊಟಕ್ಕೆ ನನಗೆಂದೇ ಮಾಡಿದ್ದ ಬದನೆಕಾಯಿ, ಖಟ್ಟಾ ದಾಲು ಇತ್ತು. ಉಣ್ಣುವಾಗಲೂ ಒಬ್ಬರಲ್ಲ ಒಬ್ಬರ ಕೈಯಲ್ಲಿ ಆಟದ ಗುಂಡಿಗಳ ರಿಮೋಟು ಇದ್ದೇ ಇತ್ತು. ಬಿಸಿಲು ಇಳಿಯುವ ಹೊತ್ತಿಗೆ ಹೊಳೆ ಬಂತು. ನೀಲಿ ಹೊಳೆ. ದೋಣಿ ಇತ್ತು. ದೋಣಿಯವನಿದ್ದ, ತಲೆಗೆ ಹಳದಿ ರುಮಾಲು.

"ರಿಮೋಟು ನನ್ನ ಕೈಯಾಗ ಕೊಡ್ರಿ" ಎಂದರು ಖಾಲಾ. "ಸುಧಾ, ಫೋನ್ ತಗಿ. ಇವಂದು ಮಾತ್ರ ಓದು."

ಅವನ ಉದ್ದನೆಯ ಮಾತಿಗೆ ಫೋನ್ ಹಿಡಿದು ಓದಿದೆ: "ದೋಣಿ ಇಂದು ಕೊನೆಯದು. ನಾನು ಒಮ್ಮೆ ಮಾತ್ರ ಕೇಳುವೆನು. ನೀವು ಸವಾರಿ ಮಾಡುವಿರಾ?"

ನಸ್ರೀನ್ ನೆಲದ ಮೇಲೆ ಉರುಳಾಡಿ ನಕ್ಕಳು. "ಅಂವ ಮೊದ್ಲ ಹೇಳಿದ್ದ ಅಮ್ಮಿ! ಒಮ್ಮೆ ಕೇಳ್ತೀನಿ ಅಂತ ಬಾಯಿಬಿಟ್ಟು ಹೇಳಿದ್ದ! ನಾವು ಅವಂಗ ಉಪಚಾರ ಮಾಡಾಕತ್ತಿದ್ದಿವಿ!" ನನಗೂ ನಗು ತಡೆಯಲಿಲ್ಲ. ಖಾಲಾ ನಗಲಿಲ್ಲ. ಅವರ ಒಂದು ಕಣ್ಣು ತೆರೆಯ ಮೇಲೆ ನೆಟ್ಟಿತ್ತು. ಎರಡು ಸಾಲು ಮೂಡಿದ್ದವು, ಪುಟ್ಟ ಕೈ ಮೇಲಿನ ಸಾಲಿನ ಪಕ್ಕ ಕಾಯುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಖಾಲಾಳ ಹೆಬ್ಬೆರಳು ತನ್ನ ಪಾಡಿಗೆ ತಾನು ಕೆಳಗಿನ ಬಾಣವನ್ನು ಒತ್ತಿತು. ಪುಟ್ಟ ಕೈ ಕೆಳಗಿನ ಸಾಲಿಗೆ ಇಳಿಯಿತು. ಬೇಡ.

"ಅಮ್ಮಿ!" ಎಂದು ನಸ್ರೀನ್ ಎದ್ದು ಕೂತಳು.

"ನಾ ಒತ್ತಿಲ್ಲ, ಬೆರಳು ಒತ್ತ್ಯದ" ಎಂದರು ಖಾಲಾ. ಒಂದು ಜನ್ಮದ ರೂಢಿ, ಸುಲಭಕ್ಕೆ ಬಿಡುತ್ತದೆಯೇ? ನಾನು ಕೈ ಹಾಕಲು ಹೋದೆ, ಮೊಣಕೈಯಿಂದ ತಳ್ಳಿದರು. ಮೆಲ್ಲಗೆ, ಬಿಸಿ ಪಾತ್ರೆ ಇಳಿಸುವಂತೆ, ಪುಟ್ಟ ಕೈಯನ್ನು ಮತ್ತೆ ಮೇಲಕ್ಕೆ ತಂದರು.

"ಹೌ" ಎಂದು ಗಟ್ಟಿಯಾಗಿ ಹೇಳಿ ಒತ್ತಿದರು.

ದೋಣಿ ಬಿಟ್ಟಿತು. ನೀಲಿ ನೀರು ಸರಿಯಿತು, ಸಂಗೀತ ಬದಲಾಯಿತು, ನಮ್ಮ ಮೂವರ ಕಣ್ಣೂ ಮಂಜಾಯಿತು, ಆಚೆಯ ದಂಡೆ ಬಂತು. ಬಾಬು ಇಳಿದ. ಅಲ್ಲೊಂದು ಊರು. ಅಗಸೆ, ಕೋಳಿ, ಬಾವಿ. ಬಾವಿಯ ಹತ್ತಿರ ಅದೇ ನೇರಳೆ ಸೀರೆಯ ಅದೇ ಮುದುಕಿ! ಆಟ ಮಾಡಿದವರಿಗೆ ಇನ್ನೊಂದು ಮುದುಕಿಯ ಚಿತ್ರ ಬರೆಯಲು ಬೇಸರವಾಗಿರಬೇಕು. ಇದನ್ನು ನೋಡಲು ಇಷ್ಟು ವರ್ಷವೇ ಎಂದು ನನಗೆ ಪೆಚ್ಚಾಯಿತು. ಖಾಲಾ ಮಾತ್ರ ಚಪ್ಪಾಳೆ ತಟ್ಟಿದರು.

"ಅರೇ, ಇಕಿ ಇಲ್ಲೂ ಬಂದಾಳ! ನೋಡು, ಆ ದಂಡಿನೂ ನಮ್ಮಂಗ ಅದ. ಊಟ ಆತೇನೋ ಬಾಬು ಅನ್ನಾಕತ್ತಾಳ."

ಬಾಬುವನ್ನು ಆ ಊರಿನ ಛತ್ರದಲ್ಲಿ ಮಲಗಿಸಿದೆವು. ಬ್ಯಾಟರಿ ಇಲ್ಲ, ಮಶೀನು ಆರಿಸಿದರೆ ಅವನೂ ಹೋಗುತ್ತಾನೆ ಎಂದು ನಸ್ರೀನ್ ಹೇಳಿದಳು. "ಹೋಗ್ಲಿ. ದಾಟಿ ಹೋದ್ನಲ್ಲ" ಎಂದರು ಖಾಲಾ, ಬಹಳ ಸಮಾಧಾನದಿಂದ.

ಹೊರಗೆ ಹೊತ್ತು ಮುಳುಗಿ ಮಗ್ರಿಬ್ ಅಜಾನ್ ಆಯಿತು. ನಾನು ಚೀಲ ಎತ್ತಿಕೊಂಡು ಚಪ್ಪಲಿ ಹುಡುಕಿದೆ. ನಸ್ರೀನ್ ಅಕ್ಕಿ ತೊಳೆಯಲು ಒಳಗೆ ಹೋಗಿದ್ದಳು. ಖಾಲಾ ಕುರ್ಚಿಯಿಂದ ಏಳಲಿಲ್ಲ, ದಣಿದಿದ್ದರು. ನನ್ನ ಕಡೆ ತಿರುಗಿ, ಮಸಕಿಲ್ಲದ ಕಣ್ಣಿನಿಂದ ನೋಡುತ್ತ, "ಇವತ್ತ ಇದ್ದ್ ಹೋಗು" ಎಂದರು.

"ಬ್ಯಾ..." ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮುಂಜಾನೆಯ ಕ್ಲಾಸೂ ಅದರ ಹಿಂದೆಯೇ ನಿಂತಿತ್ತು. ಅದನ್ನು ನುಂಗಿದೆ.

"ಹೂಂ ರೀ ಖಾಲಾ. ಇರ್ತೀನಿ."

ಎರಡನೆಯ ಮೂರನೆಯ ಒತ್ತಾಯಗಳನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡು ಕೂತಿದ್ದ ಖಾಲಾಗೆ ಅವು ಬೇಕಾಗಲೇ ಇಲ್ಲ. ಕೈಚಾಚಿ ನನ್ನ ಹೆಗಲ ಚೀಲವನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಅಡುಗೆ ಮನೆಯಿಂದ ನಸ್ರೀನ್ ಕೂಗಿದಳು:

"ಒಮ್ಮೆಲೆ ಹೂಂ ಅಂದ್ಳು ನೋಡ್ರಿ ಅಮ್ಮಿ! ಪಾಪ, ಮನ್ಯಾಗ ತಿನ್ಲಾಕ ಇಲ್ಲೇನೋ!"

"ಚುಪ್!" ಎಂದರು ಖಾಲಾ. "ಇನ್ನೊಂದು ಮುಷ್ಟಿ ಅಕ್ಕಿ ಹಾಕು."